ಅಕ್ಕ ಅಂಡ್ ಕಂಪನಿ

ಮಾರ್ಚ್ ೯, ಭಾನುವಾರ

ನನ್ನ ಮೊಂಡು ತಂಗಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕನಿಗೆ ಸೊಕ್ಕು, ಉತ್ತರವೇ ಬರೆಯಲಿಲ್ಲವೆಂದು ಬೈದುಕೊಳ್ಳುತ್ತಿರುತ್ತೀಯ. ಇದನ್ನು ಓದಿ ಮುಗಿಸಿ ಆಮೇಲೆ ಬೈ. ಆ ದೊಡ್ಡ ಹೋಟೆಲಿನ ಅಡುಗೆಮನೆ ನಿನಗೆ ಒಗ್ಗಿತೆಂದು ತಿಳಿದು ಸಮಾಧಾನವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಬೇಕರಿಗೆ ಸುಣ್ಣ ಬಳಿಸಿದೆ. ಬೋರ್ಡು ಬರೆಯುವವನನ್ನೂ ಕರೆಸಿದ್ದೆ. ಹಳೇ ಬಣ್ಣ ಕೆರೆದು, 'ಅಕ್ಕ' ಎಂದು ಬರೆದು, ಏಣಿಯ ಮೇಲಿಂದಲೇ ಕೇಳಿದ: "ಮುಂದೆ 'ಅಂಡ್ ಕಂಪನಿ' ಅಂತ ಬರೀಲಾ? ಈಗ ನೀವು ಒಬ್ರೇ ಅಲ್ವಾ?" ಹೇಳಿ ಕಳಿಸುತ್ತೇನೆಂದು ಸಾಗಹಾಕಿದೆ. ಬೋರ್ಡಿನಲ್ಲಿ 'ಅಕ್ಕ'ನ ಪಕ್ಕದ ಜಾಗ ಇನ್ನೂ ಬೋಳುಬೋಳಾಗಿದೆ.

ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಾಗ ನೀನು ಅಂದದ್ದು ನೆನಪಾಯಿತು. "ನೀನು ಅಕ್ಕ, ನಾನು ಬರೀ ಕಂಪನಿ. ಕಂಪನಿ ಅಂದ್ರೆ ಯಾರು ಬೇಕಾದ್ರೂ ಆಗಬಹುದು!" ಅಂದಿದ್ದೆ. ಅಷ್ಟಕ್ಕೂ ಕಂಪನಿ ಅಂದರೇನು? ಕಾರು ಮಾಡುವವರದೂ ಕಂಪನಿ, ನಾಟಕದವರದೂ ಕಂಪನಿ, ಸಿಪಾಯಿಗಳ ಗುಂಪೂ ಕಂಪನಿ. ಸಂಜೆ ಸುತ್ತಾಡಲು "ಸ್ವಲ್ಪ ಕಂಪನಿ ಕೊಡು" ಅನ್ನುವುದೂ ಅದೇ. ಒಂದೇ ಪದ ಇಷ್ಟು ಮನೆ ಹೇಗೆ ಹೊಕ್ಕಿತು? ತಲೆಯಲ್ಲಿ ಹುಳ ಕೊರೆಯತೊಡಗಿತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಗೊತ್ತಲ್ಲ, ಬ್ರೆಡ್ಡಿನ ತುದಿಯೇ ಬೇಕೆಂದು ಹಟ ಹಿಡಿಯುವವರು, ಅವರನ್ನೇ ಕೇಳಿದೆ. ಮನೆಗೆ ಹೋದವರು ಡಿಕ್ಷನರಿಯೊಳಗೆ ಬೆರಳಿಟ್ಟುಕೊಂಡೇ ವಾಪಸು ಬಂದರು.

"ಇದು ನಿಮ್ಮದೇ ಪದ ಕಣಮ್ಮಾ! ಲ್ಯಾಟಿನ್‌ನಲ್ಲಿ 'ಕೊಮ್' ಅಂದ್ರೆ ಜೊತೆ, 'ಪಾನಿಸ್' ಅಂದ್ರೆ ಬ್ರೆಡ್ಡು. ಜೊತೇಲಿ ಕೂತು ಒಂದೇ ಬ್ರೆಡ್ಡು ತಿನ್ನೋರು, ಅವರೇ ಕಂಪನಿ. ಫ್ರೆಂಚ್ ಸುತ್ತಿಕೊಂಡು ಇಂಗ್ಲಿಷಿಗೆ ಬಂತು. ವ್ಯಾಪಾರ ಗೀಪಾರ ಎಲ್ಲಾ ಆಮೇಲೆ ಅಂಟಿಕೊಂಡಿದ್ದು."

"ಕೂತೇ ತಿನ್ನಬೇಕಾ ಮೇಷ್ಟ್ರೇ? ನಿಂತು ತಿಂದ್ರೆ ಆಗಲ್ವಾ?"

"ನಿಂತ್ರೂ ನಡೆಯುತ್ತೆ ಬಿಡಿ," ಎಂದು ನಕ್ಕರು.

ಮತ್ತೆ, ನಾವು ಯಾವತ್ತು ಕೂತಿದ್ದೆವು ಹೇಳು. ಒಲೆಯಿಂದ ಇಳಿದ ಮೊದಲ ಬ್ರೆಡ್ಡು ಮಾರುವುದಕ್ಕಲ್ಲ. ಕೈಯಲ್ಲೇ ಮುರಿದು, ಅರ್ಧ ನಿನಗೆ ಅರ್ಧ ನನಗೆ, ಒಲೆ ಮುಂದೆ ನಿಂತೇ ತಿನ್ನುತ್ತಿದ್ದೆವು. ನೀನು ಕಣ್ಣು ಮುಚ್ಚಿ ಜಗಿದು, "ಉಪ್ಪು ಜಾಸ್ತಿ," "ಹಿಟ್ಟು ಇನ್ನೂ ಉಬ್ಬಬೇಕಿತ್ತು" ಎಂದು ತೀರ್ಪು ಕೊಡುತ್ತಿದ್ದೆ. ನೀನು 'ಹೂಂ' ಅನ್ನದೆ ಶಟರ್ ಏಳುತ್ತಿರಲಿಲ್ಲ. ಎಷ್ಟು ಉರಿಯುತ್ತಿತ್ತು ನನಗೆ! ನೋಡು, ಈ ಬೀದಿ ತುಂಬಾ ಕಂಪನಿಗಳಿವೆ. ಆ ಪದಕ್ಕೆ ತಕ್ಕ ಹಾಗೆ ಬದುಕಿದವರು ಬಹುಶಃ ನಾವಿಬ್ಬರೇ.

ಅಂದ ಹಾಗೆ, ಎದುರುಮನೆ ನರ್ಸಮ್ಮ ಬ್ರೆಡ್ಡು ವಾಪಸು ತಂದು, "ಬಾಯಿಗಿಡೋಕಾಗಲ್ಲ, ಅಷ್ಟು ಉಪ್ಪು" ಅಂದಳು. ಅವಳ ನಾಲಿಗೆಯೇ ಸರಿ ಇಲ್ಲವೆಂದು ಜಗಳ ಆಡಿ ಕಳಿಸಿದೆ.

ಕಂಪನಿ ಯಾರು ಬೇಕಾದರೂ ಆಗಲಾರರು, ತಂಗೀ. ಒಬ್ಬಳೇ ಇದ್ದು ಆ ಪದ ಬರೆಸಿದರೆ ಸುಳ್ಳಾಗುತ್ತದೆ, ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ. ಬೋರ್ಡಿಗೆ ಏನು ಬರೆಸಲಿ, ನೀನೇ ಹೇಳು. ಅಲ್ಲೇ ಇರುತ್ತೇನೆಂದರೂ ಸಿಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈ ಸುಟ್ಟುಕೊಳ್ಳಬೇಡ. ನಿನ್ನ ಕೈಗುಣ ನಾಲ್ಕು ಜನರಿಗೆ ಗೊತ್ತಾಗಲಿ, ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ನರ್ಸಮ್ಮ ಹೇಳಿದ್ದು ನಿಜವೇ ಇರಬೇಕು. ಚಳಿಗಾಲದಲ್ಲಿ ಜ್ವರ ಬಂದು ಹೋದ ಮೇಲೆ ನನ್ನ ನಾಲಿಗೆಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ. ವಾಪಸು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇದನ್ನು ಇನ್ಯಾರಿಗೂ ಹೇಳಿಲ್ಲ, ಭಯವಾಗುತ್ತದೆ. ಈಗಲೂ ಮೊದಲ ಬ್ರೆಡ್ಡನ್ನು ಎರಡಾಗಿ ಮುರಿಯುತ್ತೇನೆ. ನನ್ನ ಅರ್ಧವನ್ನು ಕಣ್ಣು ಮುಚ್ಚಿ ಜಗಿಯುತ್ತೇನೆ, ಏನೂ ಗೊತ್ತಾಗುವುದಿಲ್ಲ. ಆಮೇಲೆ ನಾನೇ 'ಹೂಂ' ಎಂದುಕೊಂಡು ಶಟರ್ ಎತ್ತುತ್ತೇನೆ.