ಸೆಲ್ವಿನ್ ಹೇಳುವ ಮಾತು

ಹ್ಯಾಲಿಫ್ಯಾಕ್ಸ್
ಮಂಗಳವಾರ

ನಾರ್ಮನ್ ಅವರಿಗೆ,

ಶನಿವಾರ ಚರ್ಚ್ ಹಾಲ್‌ನಲ್ಲಿ ಆ ಟಿವಿ ಹಾಸ್ಯ ಧಾರಾವಾಹಿಯ ನಿಮ್ಮ ಅಭಿಮಾನಿ ಬಳಗ ಮದುವೆ ಕಾರು ಕೆಸರಲ್ಲಿ ಹೂತುಹೋಗುವ ಹಳೇ ಕಂತನ್ನು ನೋಡುವಾಗ ನನ್ನ ಗಂಡ ಸೆಲ್ವಿನ್‌ನನ್ನು ಕರೆತರುತ್ತೇನೆ. ಲಕ್ವ ಹೊಡೆದ ಮೇಲೆ ಅವನು ಒಂದು ಮಾತೂ ಆಡಿಲ್ಲ.

ಆ ಕಂತಿನಲ್ಲಿ ಮದುಮಗಳ ಅಪ್ಪ ಬಾಯಿ ತೆರೆದಾಗ ಪ್ರತಿ ಸಲ ನೀವು ಟಿವಿ ಸದ್ದು ಅಡಗಿಸುತ್ತಿದ್ದಿರಿ, ಅವನ ಮಾತನ್ನು ಸೆಲ್ವಿನ್ ಹೇಳುತ್ತಿದ್ದ. ಬೇರೆ ಯಾರಾದರೂ ಅದನ್ನು ಹೇಳಹೋದರೆ, "ಅದು ನಂದು ಕಣ್ರೋ, ಬಾಯ್ಮುಚ್ಕೊಂಡು ಕೂತ್ಕೊಳ್ರಿ!" ಎಂದು ನಿಮ್ಮನ್ನೆಲ್ಲ ಗದರಿಸುತ್ತಿದ್ದ. ಈ ಸಲವೂ ಸದ್ದು ಅಡಗಿಸಿ. ಕನಿಕರಪಟ್ಟು ಬೇರೆ ಯಾರೂ ಹೇಳಬೇಡಿ.

ಅವನ ತುಟಿ ಅಲುಗದಿದ್ದರೆ ಎಂಬ ಭಯಕ್ಕೆ ನನಗೆ ಊಟ ಸೇರುತ್ತಿಲ್ಲ. ದೇವರ ಮೇಲೆ ಭಾರ ಹಾಕಿದ್ದೇನೆ. ಆದರೂ ಆ ಮಾತನ್ನು ನಾನೂ ಬಾಯಿಪಾಠ ಮಾಡಿಕೊಂಡಿದ್ದೇನೆ. ಅವನಿಂದ ಆಗದಿದ್ದರೆ ನಾನೇ ಹೇಳುತ್ತೇನೆ, ಅದರಲ್ಲಿರುವ ಬೈಗುಳವನ್ನೂ ಬಿಡದೆ.

ಪಾದ್ರಿಗಳನ್ನು ಮಾತ್ರ ಹಿಂದಿನ ಸಾಲಿನಲ್ಲಿ ಕೂರಿಸಿ.

ಇತಿ,
ಎನಿಡ್ ಗ್ರೀನ್‌ವುಡ್