ಕೆಂಚನಿಗೆ ಹಾಕಿದ್ದು

ಅಪ್ಪಾ,

ನೀನು ತೀರಿಹೋದ್ಮೇಲೆ ನಾನು ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಕರ್ಕೊಂಡು ಬಂದಿದ್ದ ನಿನ್ನ ನಾಯಿ ಕೆಂಚ ಇವತ್ತು ಬೆಳಿಗ್ಗೆ ಸತ್ತೋದ. ನೀನು ಮುದ್ದೆಗೆ ಮಜ್ಜಿಗೆ ಕಲಸಿ ಹಾಕ್ತಿದ್ದೆ. ನಾನು ಕೆಲಸದ ಅವಸರಕ್ಕೆ ಅಂಗಡಿ ಪ್ಯಾಕೆಟ್ಟಿನ ನಾಯಿ ತಿಂಡಿ ಸುರಿದು ಹೋಯ್ತಿದ್ದೆ. ಹೋದ ವಾರ ಹೊಸ ಪ್ಯಾಕೆಟ್ ಒಡೆದಾಗ ಮೂಸಿ ಹಿಂದೆ ಸರಿದ. "ತಿನ್ನು ಕಣ್ಲಾ" ಅಂತ ಗದರಿದೆ. ನನ್ನ ಮುಖ ನೋಡಿ ತಿಂದ. ಆಮೇಲೆ ವಾಂತಿ ನಿಲ್ಲಲೇ ಇಲ್ಲ.

ಪಶು ಡಾಕ್ಟ್ರು, "ಏಂ ಪೆಡ್ತಾರಮ್ಮಾ, ತಿನ್ನೋಕೆ ಏನು ಹಾಕ್ತೀರಾ?" ಅಂದ್ರು. ನೀನು ನೆನಪಾಗಿ, ನಾಚಿಕೆಗೆ "ಮುದ್ದೆನೇ ಸಾರ್" ಅಂದ್ಬುಟ್ಟೆ. ಎರಡು ದಿನ ಬಿಟ್ಟು ನಿಜ ಹೇಳೋ ಹೊತ್ತಿಗೆ ಕಿಡ್ನಿ ಕೆಟ್ಟೋಗಿತ್ತು. "ಪ್ಯಾಕೆಟ್ಟಿಂದೇ ಇರ್ಬೇಕು. ಮೊದ್ಲೇ ಹೇಳ್ಬಾರ್ದಿತ್ತಾ?" ಅಂದ್ರು.

ಪಕ್ಕದ್ಮನೆ ಮೌನಿಕಾನೂ ಅವಳ ನಾಯಿಗೆ ಅದೇ ಪ್ಯಾಕೆಟ್ ತರ್ತಾಳೆ. "ವಯಸ್ಸಾಗಿತ್ತೇನಕ್ಕಾ?" ಅಂತ ಕೇಳಿದ್ಳು.

"ನಾಲ್ಕೇ ವರ್ಷ ಕಣಮ್ಮ. ಬೇಡ ಅಂದ್ರೂ ನಾನೇ ತಿನ್ನಿಸ್ದೆ. ನೀನು ಹಾಕ್ಬೇಡ," ಅಂದೆ.

ನಿನಗೆ ಹೇಳ್ಬೇಕಾಗಿದ್ದನ್ನ ಅವಳಿಗೆ ಹೇಳಿ ಬಂದೆ ಅಪ್ಪಾ.

ಹೇಮಾ