ಬಚ್ಚಲಿನ ಫ್ಯೂಸು ನನ್ನ ಜೇಬಿನಲ್ಲಿದೆ

ಹೊಸದುರ್ಗ
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ಬಸಮ್ಮ,

ಹೇಗಿದ್ದೀಯ? ಬಿಂದುವಿನ ಹೆರಿಗೆಯ ಹೊಲಿಗೆಯ ನೋವು ಇಳಿಯಿತೇ? ಕೂಸು ರಾತ್ರಿ ಮಲಗುತ್ತದೋ, ಇಲ್ಲ ನಿನ್ನನ್ನೂ ಕೂರಿಸಿಕೊಂಡು ಜಾಗರಣೆ ಮಾಡಿಸುತ್ತದೋ? ಇಪ್ಪತ್ತು ದಿನದ ಮಗುವಿಗೆ ಆಗಲೇ ಅಜ್ಜಿಯ ಕೈ ಗುರುತು ಸಿಗುತ್ತದೆ ಎಂದು ನೀನು ಹೇಳಿದ್ದನ್ನು ನಾನು ನಂಬಿಲ್ಲ, ಆದರೆ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ದೊಡ್ಡ ಮೊಮ್ಮಗಳನ್ನು ಸ್ಕೂಲಿಗೆ ಕಳಿಸಿ, ಬಾಣಂತಿಗೆ ಮೆಣಸಿನ ಸಾರು ಕಾಯಿಸಿ, ಕೂಸಿಗೆ ನೀರೆರೆದು, ನೀನು ಊಟಕ್ಕೆ ಕೂರುವುದು ಎಷ್ಟು ಹೊತ್ತಿಗೋ. ಹೊತ್ತು ಮೀರಿಸಬೇಡ. ಬಲಗೈಗೆ ಮತ್ತೋಡಿನಿಂದ ತಂದ ವಾತದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯ ತಾನೇ? ಚೀಲದಲ್ಲಿ ಸೀರೆಗಳ ಕೆಳಗೆ ಎರಡು ಶೀಸೆ ಇಟ್ಟಿದ್ದೇನೆ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆಯಲಾಗುತ್ತಿಲ್ಲ. ಮೈಗೇನೂ ಆಗಿಲ್ಲ. ರೊಟ್ಟಿ ತಟ್ಟಲು ಬರುವುದಿಲ್ಲವೆಂದು ಮುದ್ದೆ ಮಾಡಿಕೊಳ್ಳುತ್ತೇನೆ, ಗಂಟಾದರೂ ಹೊಟ್ಟೆಗೆ ಹೋಗುತ್ತದೆ. ಆದರೆ ಮೂರು ದಿನದಿಂದ ಈ ಮನೆಯಲ್ಲಿ ಒಬ್ಬನೇ ಇರಲು ಹೆದರಿಕೆಯಾಗುತ್ತಿದೆ. ಫೋನ್ ಇಟ್ಟುಕೊಂಡು ಕಾಗದ ಬರೆಯುವವನು ಹೊಸದುರ್ಗದಲ್ಲಿ ನಾನೊಬ್ಬನೇ ಇರಬೇಕು. ಏನು ಮಾಡಲಿ, ಫೋನ್ ಮಾಡಿದರೆ ಮೊದಲು ಅಳಿಯ ಎತ್ತುತ್ತಾನೆ, ಸ್ಪೀಕರಿಗೆ ಹಾಕುತ್ತಾನೆ, ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ. ಇದು ಕೊಟ್ರೇಶನ ಕಿವಿಗೆ ಬೀಳಬಾರದ ವಿಷಯ. ಮೂವತ್ತೈದು ವರ್ಷ ಊರವರ ಫ್ಯಾನು, ಮಿಕ್ಸಿ ಬಿಚ್ಚಿ ಜೋಡಿಸಿದ ಮಾವ ತನ್ನ ಮನೆಯ ಕರೆಂಟಿಗೇ ಹೆದರಿ ಕೂತಿದ್ದಾನೆಂದು ಅವನಿಗೆ ಗೊತ್ತಾದರೆ ಮುಖ ಎಲ್ಲಿಟ್ಟುಕೊಳ್ಳಲಿ. ಓದಿ ಮಡಚಿ ಸೆರಗಿಗೆ ಕಟ್ಟಿಕೋ.

ಬುಧವಾರ ಕರೆಂಟ್ ಬಿಲ್ಲು ಬಂತು. ಗೃಹಜ್ಯೋತಿಯಲ್ಲಿ ನಮಗೆ ಬಿಟ್ಟಿ ಕೊಡುವುದು ಅರವತ್ತಾರು ಯೂನಿಟ್ ಎಂಬುದು ನಿನಗೆ ಬಾಯಿಪಾಠ, ನಾನೇ ಮಾಡಿಸಿದ್ದು. ಮೊದಮೊದಲು ಒಂದು ತಿಂಗಳೂ ದಾಟಿರಲಿಲ್ಲ. ಸೊನ್ನೆ ಬಿಲ್ಲನ್ನು ಅಂಗಡಿಯ ಗೋಡೆಗೆ ಅಂಟಿಸಿ ಮೆರೆದೆ. ಈ ವರ್ಷ ಯುಗಾದಿಯಿಂದೀಚೆಗೆ ಎಂಬತ್ತು, ಎಂಬತ್ತೆರಡು ಆಗತೊಡಗಿದಾಗ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿದೆ. ಟಿವಿಯನ್ನು ರಿಮೋಟಿನಲ್ಲಿ ಆರಿಸುತ್ತೀಯ, ಗೋಡೆಯ ಸ್ವಿಚ್ಚು ತೆಗೆಯುವುದಿಲ್ಲ, ಆ ಕೆಂಪು ಚುಕ್ಕೆ ಹಗಲೂ ರಾತ್ರಿ ಕರೆಂಟು ಕುಡಿಯುತ್ತದೆ ಎಂದು ಜಗಳ ತೆಗೆದೆ. ಸೆಟ್‌ಟಾಪ್ ಬಾಕ್ಸು ಆರಿಸಿದರೆ ಅದು ಮತ್ತೆ ಹತ್ತಿಕೊಳ್ಳುವಷ್ಟರಲ್ಲಿ ಧಾರಾವಾಹಿ ಅರ್ಧ ಮುಗಿದಿರುತ್ತದೆ ಎಂದು ನೀನು ಗೋಳಾಡಿದರೂ ಕೇಳಲಿಲ್ಲ. ಚಾರ್ಜರ್ ಕಿತ್ತಿಟ್ಟೆ, ಮಿಕ್ಸಿಯ ಪಿನ್ನು ಕಿತ್ತಿಟ್ಟೆ, ದೇವರ ಮನೆಯ ಬಣ್ಣದ ದೀಪದ ಮಾಲೆಯನ್ನೂ ಬಿಡಲಿಲ್ಲ. 'ಯಾವಾಗ್ ನೋಡಿದ್ರೂ ಸ್ವಿಚ್ಚು ಸ್ವಿಚ್ಚು ಅಂತೀರಲ್ಲ, ನನ್ನೂ ಒಂದಿನ ಕಿತ್ತಿಟ್ಟು ಬಿಡ್ರಿ' ಎಂದಿದ್ದೆ ನೀನು. ನಾನು ನಕ್ಕಿದ್ದೆ.

ನೀನು ಹೊಳಲ್ಕೆರೆಗೆ ಹೋಗಿ ತಿಂಗಳು ದಾಟಿತು. ಬೇಜಾರು ಮಾಡಿಕೊಳ್ಳಬೇಡ, ನೀನು ಬಸ್ಸು ಹತ್ತಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಈ ತಿಂಗಳ ಬಿಲ್ಲು ತೋರಿಸಿ ನಿನ್ನ ಬಾಯಿ ಮುಚ್ಚಿಸಬಹುದು ಅಂದುಕೊಂಡಿದ್ದೆ. ಟಿವಿ ಹಾಕಲೇ ಇಲ್ಲ. ಈ ಚಳಿಯಲ್ಲೂ ತಣ್ಣೀರು ಸುರಿದುಕೊಂಡೆ, ಗೀಸರಿನ ಸ್ವಿಚ್ಚನ್ನು ಒಂದು ದಿನವೂ ಒತ್ತಲಿಲ್ಲ. ಬಂದದ್ದು ಎಪ್ಪತ್ತಮೂರು ಯೂನಿಟ್. ಒಬ್ಬ ಮನುಷ್ಯ, ಒಂದು ಫ್ರಿಜ್ಜು, ಸಂಜೆಯಾದರೆ ಒಂದು ಬಲ್ಬು. ಮೀಟರ್ ನೋಡಲು ಬರುವ ನೇತ್ರಾವತಿ, ಅದೇ ಪ್ರತಿ ತಿಂಗಳೂ ನಿನ್ನ ಹತ್ತಿರ ಮಜ್ಜಿಗೆ ಕುಡಿದು ಹೋಗುವ ಹುಡುಗಿ, ನನ್ನ ಮುಖ ನೋಡಿ ಕನಿಕರಪಟ್ಟಳು. 'ಎಲ್ಲಾ ಬಂದ್ ಮಾಡಿ ಮೀಟ್ರು ನೋಡ್ರಿ ಯಜಮಾನ್ರೆ. ಆ ಕೆಂಪು ದೀಪ ಮಿಣುಕಬಾರ್ದು. ಮಿಣುಕ್ತು ಅಂದ್ರೆ ಕರೆಂಟು ಎಲ್ಲೋ ಹರಿತಾ ಐತೆ ಅಂತ' ಎಂದು ಹೇಳಿ ಹೋದಳು. ನನಗೇ ಪಾಠ ಹೇಳುತ್ತಾಳಲ್ಲ ಎಂದು ಸಿಟ್ಟೂ ಬಂತು.

ಗುರುವಾರ ಅಂಗಡಿ ತೆಗೆಯದೆ ಮನೆಯ ಒಂದೊಂದು ಪಿನ್ನನ್ನೂ ಕಿತ್ತೆ. ಫ್ರಿಜ್ಜನ್ನೂ ಬಿಡಲಿಲ್ಲ, ಹಾಲು ಒಡೆದುಹೋಯಿತು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಮೀಟರಿನ ಮುಂದೆ ಕೂತೆ. ಮೂವತ್ತರವರೆಗೆ ಎಣಿಸಿದೆ, ದೀಪ ಹತ್ತಲಿಲ್ಲ. ಸದ್ಯ ಎಂದುಕೊಂಡು ಏಳುವಷ್ಟರಲ್ಲಿ ಮಿಣಕ್ಕೆಂದಿತು. ಕಣ್ಣಿನ ಭ್ರಮೆ ಇರಬೇಕೆಂದು ಮತ್ತೆ ಎಣಿಸಿದೆ. ಮೂವತ್ತಾರಕ್ಕೆ ಇನ್ನೊಮ್ಮೆ. ಹಾಗೇ ಒಂದು ಗಂಟೆ ಕೂತಿದ್ದೆ, ಒಂದು ಸಲವೂ ತಪ್ಪಲಿಲ್ಲ. ಮನೆಯಲ್ಲಿ ಏನೂ ಓಡುತ್ತಿಲ್ಲ, ಆದರೂ ಕಣ್ಣಿಗೆ ಕಾಣದ ಒಂದು ಜಾಗದಲ್ಲಿ ಕರೆಂಟು ಸೋರುತ್ತಲೇ ಇದೆ. ಈ ಮನೆಯ ಪ್ರತಿ ತಂತಿಯನ್ನೂ ಎಳೆದವನು ನಾನು, ಆ ಜಾಗ ಯಾವುದೆಂದು ನನಗೇ ಗೊತ್ತಿಲ್ಲ.

ಮೊದಲು ಮನುಷ್ಯರ ಮೇಲೆ ಅನುಮಾನ ಬಂತು. ಪಕ್ಕದ ಮನೆಯ ಜಂಪಣ್ಣ ನಮ್ಮ ಲೈನಿಗೆ ತಂತಿ ಸಿಕ್ಕಿಸಿದ್ದಾನೋ ಎಂದು ಮಾಳಿಗೆ ಹತ್ತಿ ನೋಡಿದೆ. 'ಏನ್ ಹುಡುಕ್ತಾ ಇದೀಯ ಪಂಚಾಕ್ಷರಪ್ಪ' ಎಂದು ಅವನು ಕೆಳಗಿನಿಂದ ಕೇಳಿದಾಗ ಟ್ಯಾಂಕಿನ ನೀರು ನೋಡುತ್ತಿದ್ದೇನೆಂದು ಸುಳ್ಳು ಹೇಳಿದೆ. ಪಾಪ, ಅವನು ಯಾವ ತಂತಿಯನ್ನೂ ಸಿಕ್ಕಿಸಿರಲಿಲ್ಲ. ಸಿಕ್ಕಿಸಿದ್ದರೆ ಚೆನ್ನಾಗಿತ್ತು, ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಆಮೇಲೆ ಗೋಡೆಗೆ ಒರಗಲೂ ಭಯವಾಯಿತು. ನಡುಮನೆಯ ಮಧ್ಯಕ್ಕೆ ಚಾಪೆ ಎಳೆದುಕೊಂಡು ಮಲಗಿದೆ. ಸಂಕ್ರಾಂತಿಗೆ ನೀನು ಬಿಂದುವನ್ನೂ ಮಕ್ಕಳನ್ನೂ ಕರೆದುಕೊಂಡು ಬರುತ್ತೀಯಲ್ಲ, ದೊಡ್ಡವಳು ಒಂದು ಕಡೆ ನಿಲ್ಲುವವಳಲ್ಲ, ಗೋಡೆ ನಲ್ಲಿ ಕಿಟಕಿ ಎಲ್ಲವನ್ನೂ ಮುಟ್ಟಿಕೊಂಡು ಓಡುತ್ತಾಳೆ. ಅದನ್ನು ನೆನೆದರೆ ನಿದ್ದೆ ಹತ್ತುವುದಿಲ್ಲ.

ನಿನ್ನೆ ಒಂದೊಂದಾಗಿ ಫ್ಯೂಸು ತೆಗೆದೆ. ನಡುಮನೆಯದು ತೆಗೆದರೂ ಮಿಣುಕಿತು. ಅಡುಗೆಮನೆಯದು ತೆಗೆದರೂ ಮಿಣುಕಿತು. ಬಚ್ಚಲಿನದು ತೆಗೆದೆ. ನೂರು ಎಣಿಸಿದೆ, ಇನ್ನೂರು ಎಣಿಸಿದೆ, ದೀಪ ಸುಮ್ಮನಾಗಿತ್ತು. ಬಚ್ಚಲಲ್ಲಿ ಇರುವುದು ಒಂದು ಬಲ್ಬು, ಪಿನ್ನಿಲ್ಲದೆ ನೇರ ಸ್ವಿಚ್ಚಿಗೇ ತಂತಿ ಕೊಟ್ಟ ಒಂದು ಗೀಸರು. ಆ ಗೀಸರಿನ ಕಥೆ ನಿನಗೆ ಗೊತ್ತೇ ಇದೆ. ಮುಚ್ಚಿಹೋದ ಲಾಡ್ಜೊಂದರ ಸಾಮಾನು ಮಾರುವಾಗ ಜೋಡಿಯಾಗಿ ತಂದೆ. ಎರಡಕ್ಕೂ ನಾನೇ ಹೊಸ ಕಾಯಿಲ್ ಹಾಕಿ, ಒಂದನ್ನು ನಮ್ಮ ಬಚ್ಚಲಿಗೆ ಕೂರಿಸಿದೆ, ಇನ್ನೊಂದನ್ನು ಬಿಂದುವಿನ ಗೃಹಪ್ರವೇಶದ ಉಡುಗೊರೆಯೆಂದು ಹೊಳಲ್ಕೆರೆಗೆ ಹೊತ್ತುಕೊಂಡು ಹೋದೆ. ಅಂಗಡಿಯಿಂದ ಹೊಸದು ತರುತ್ತೇನೆಂದ ಕೊಟ್ರೇಶನನ್ನು, 'ಮಾವ ಇರುವಾಗ ಯಾಕಪ್ಪ ದುಡ್ಡು ಹಾಳ್ ಮಾಡ್ತೀಯ' ಎಂದು ತಡೆದವನೂ ನಾನೇ.

ಫ್ಯೂಸನ್ನು ಮತ್ತೆ ಹಾಕಿ, ಗೀಸರಿನ ಸ್ವಿಚ್ಚು ಆಫ್ ಇದೆಯೆಂದು ಎರಡೆರಡು ಸಲ ನೋಡಿಕೊಂಡು, ಟೆಸ್ಟರಿನ ತುದಿಯನ್ನು ನಲ್ಲಿಗೆ ಮುಟ್ಟಿಸಿದೆ. ಟೆಸ್ಟರಿನ ದೀಪ ಹತ್ತಿಕೊಂಡಿತು. ನೀರು ಬರುವ ನಲ್ಲಿ ಬಸಮ್ಮ, ದಿನಾ ಬೆಳಿಗ್ಗೆ ನೀನು ತಿರು­ಗಿಸುವ ನಲ್ಲಿ. ಆಗ ನಿನ್ನ ಮಾತು ನೆನಪಾಯಿತು. ಯುಗಾದಿಯ ಎಣ್ಣೆಸ್ನಾನದ ದಿನ, 'ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತೈತೆ, ಬಂದು ನೋಡ್ರಿ' ಎಂದು ಬಚ್ಚಲಿಂದ ಕೂಗಿದ್ದೆ. ನಾನು ಬಂದು ನಲ್ಲಿ ಹಿಡಿದೆ, ಏನೂ ಆಗಲಿಲ್ಲ. ಹಿಮ್ಮಡಿ ಒಡೆದಿದೆಯೆಂದು ಬಚ್ಚಲಿಗೂ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಹೋಗುವವನು ನಾನು, ಅದಕ್ಕೂ ನಿನ್ನಿಂದ ಬೈಸಿಕೊಂಡವನು. ಕರೆಂಟಿನ ಕೆಲಸಕ್ಕೆ ಚಪ್ಪಲಿ ಹಾಕಿಕೊಳ್ಳಿ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವನಿಗೆ, ನೀನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುವುದು ಕಾಣಲಿಲ್ಲ. 'ಅದು ವಾತ ಕಣೆ, ಕರೆಂಟಲ್ಲ' ಎಂದುಬಿಟ್ಟೆ. ಒಮ್ಮೆ ಅಂದ ಮೇಲೆ ನೀನು ಹೇಳಿದಾಗಲೆಲ್ಲ ಅದನ್ನೇ ಅಂದೆ. ಟೆಸ್ಟರ್ ಅಂಗಡಿಯ ಮೇಜಿನ ಮೇಲೇ ಇತ್ತು. ಅದನ್ನು ತರುವ ಬದಲು ನಿನ್ನನ್ನು ಮತ್ತೋಡಿಗೆ ಕರೆದುಕೊಂಡು ಹೋಗಿ ಎಣ್ಣೆ ಕೊಡಿಸಿದೆ. ಟಿವಿಯ ಕೆಂಪು ಚುಕ್ಕೆಯ ಎರಡು ಮೂರು ಯೂನಿಟ್ಟಿಗೆ ಎಂಟು ತಿಂಗಳು ನಿನ್ನ ಜೀವ ತಿಂದೆ.

ಒಂದೇ ಒಂದು ಸಮಾಧಾನ ಇದೆ. ಮಂಗಳವಾರ ಫೋನಿನಲ್ಲಿ ನೀನು, 'ಇಲ್ಲೂ ಬಲಗೈ ಜುಮ್ ಅಂತೈತೆ ನೋಡ್ರಿ' ಎಂದೆಯಲ್ಲ. 'ವಾತ ನಿನ್ ಜತೀಗೇ ಬಸ್ಸು ಹತ್ತಿ ಬಂದೈತೆ ಬಿಡು' ಎಂದು ನಾನು ತಮಾಷೆ ಮಾಡಿದೆ. ಈ ನಲ್ಲಿಯನ್ನು ಬಿಟ್ಟು ಅಷ್ಟು ದೂರ ಹೋದ ಮೇಲೂ ಜುಮ್ಮೆನ್ನುವುದಾದರೆ ಅದು ನಿಜವಾಗಿಯೂ ವಾತವೇ ಇರಬೇಕು. ನಿನ್ನ ಕೈಗೆ ಆದದ್ದಕ್ಕೆ ನನ್ನ ಕೆಲಸ ಕಾರಣವಲ್ಲ. ಹಾಗೆಂದು ನೂರು ಸಲ ಹೇಳಿಕೊಂಡಿದ್ದೇನೆ. ಎಣ್ಣೆ ಮಾತ್ರ ಬಿಡಬೇಡ. ಬಚ್ಚಲಿನ ಫ್ಯೂಸು ಈಗ ನನ್ನ ಅಂಗಿಯ ಜೇಬಿನಲ್ಲಿದೆ, ಬರೆಯುತ್ತಾ ನಡುನಡುವೆ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಕಾಗದ ಮುಗಿಸಿ ಗೀಸರ್ ಬಿಚ್ಚುತ್ತೇನೆ. ನೀವೆಲ್ಲ ಬರುವ ಹೊತ್ತಿಗೆ ಸರಿ ಮಾಡಿರುತ್ತೇನೆ. ಇನ್ನು ಮೇಲೆ ಟಿವಿಯ ಕೆಂಪು ಚುಕ್ಕೆ ನಿನ್ನ ಇಷ್ಟ.

ಬಿಂದುವಿಗೂ ಕೊಟ್ರೇಶನಿಗೂ ನನ್ನ ಆಶೀರ್ವಾದ. ದೊಡ್ಡವಳ ಕೆನ್ನೆಗೆ ಒಂದು ಮುತ್ತು ಕೊಡು. ಕೂಸಿಗೆ ಎಣ್ಣೆ ಹಚ್ಚುವಾಗ ನನ್ನ ಹೆಸರು ಹೇಳಿ ನೆತ್ತಿ ಮುಟ್ಟು. ಸಿರಿಗೆರೆಯ ಮಠದ ಕಡೆ ತಿರುಗಿ ದಿನಾ ಕೈಮುಗಿಯುತ್ತಿದ್ದೇನೆ, ಗುರುಗಳು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ,
ಪಂಚಾಕ್ಷರಪ್ಪ

ವಿ.ಸೂ.: ಅವಸರದಲ್ಲಿ ಬರೆಯುತ್ತಿದ್ದೇನೆ, ಕೂಡಿಸಿಕೊಂಡು ಓದು. ಹತ್ತೂವರೆಗೆ ಗೀಸರ್ ಬಿಚ್ಚಿದೆ. ಬೋರಿನ ಉಪ್ಪುನೀರಿಗೆ ಕಾಯಿಲ್ ಒಡೆದಿದೆ, ಅದು ಯಾರಿಗಾದರೂ ಆಗುವಂಥದ್ದು. ಆಮೇಲೆ ಸ್ವಿಚ್ಚು ಬಿಚ್ಚಿದೆ. ಕರೆಂಟು ಬರುವ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ನಾನು ಕರೆಂಟು ವಾಪಸ್ ಹೋಗುವ ತಂತಿಗೆ ಹಾಕಿದ್ದೇನೆ. ಆಫ್ ಮಾಡಿದರೂ ಗೀಸರಿನೊಳಗೆ ಕರೆಂಟು ನಿಂತೇ ಇರುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ ಗುಂಡಿ ತೋಡಿಸುವ ಖರ್ಚು ಉಳಿಯಲಿ ಎಂದು ಅದರ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೇ ಸುತ್ತಿದ್ದೆ. ಒಡೆದ ಕಾಯಿಲ್ಲಿನ ಕರೆಂಟು ಅದರಲ್ಲೇ ಸಾಗಿ ನಲ್ಲಿಗೆ ಬಂದಿದೆ. ಸ್ಕ್ರೂಡ್ರೈವರ್ ಹಿಡಿದು ನಿಂತವನಿಗೆ ಆಗ ಹೊಳೆಯಿತು, ಬಿಂದುವಿನ ಬಚ್ಚಲಲ್ಲಿರುವುದೂ ಇದರ ಜೋಡಿಯೇ. ಅದೇ ವಾರ, ಇದೇ ಕೈಯಲ್ಲಿ, ಹೀಗೆಯೇ ಪೈಪಿಗೆ ಸುತ್ತಿ ಹಾಕಿದ್ದು. ಅಲ್ಲೂ ನಿನ್ನ ಕೈ ಜುಮ್ಮೆನ್ನುತ್ತದೆ ಎಂದರೆ ಅಲ್ಲಿಯ ಕಾಯಿಲ್ಲೂ ಒಡೆದಿದೆ. ನಿನ್ನ ವಾತ ಬಸ್ಸು ಹತ್ತಿ ಬಂದಿರಲಿಲ್ಲ ಬಸಮ್ಮ, ನಾನೇ ಮೊದಲೇ ಹೋಗಿ ಅಲ್ಲಿ ಇಟ್ಟು ಬಂದಿದ್ದೆ.

ಮೂರು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ನಾಲ್ಕನೆಯ ಸಲ ಕೊಟ್ರೇಶ ಎತ್ತಿ, 'ಅತ್ತೆ ಕೂಸಿಗೆ ಎರಿಯಾಕ್ ಕುಂತವ್ರೆ ಮಾವ, ಆಮೇಲ್ ಮಾಡ್ರಿ' ಎಂದ. ನೀನು ಒದ್ದೆ ನೆಲದಲ್ಲಿ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಲಗೈಯನ್ನು ನಲ್ಲಿಗೆ ನೀಡುವುದು ನನ್ನ ಕಣ್ಣಿಗೆ ಕಟ್ಟಿತು. 'ಮೇನ್ ತೆಗಿಯಪ್ಪ, ಮೊದ್ಲು ಮೇನ್ ತೆಗಿ, ನಿನ್ ಕಾಲಿಗ್ ಬೀಳ್ತೀನಿ' ಎಂದು ಕಿರುಚಿದೆ. ಅವನು ಫೋನ್ ಹಿಡಿದುಕೊಂಡೇ ಓಡಿದ. ಆಮೇಲೆ ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತೋ, ನನಗೆ ಎಣಿಸುವುದೂ ಮರೆತುಹೋಯಿತು. ಕೊನೆಗೆ ಬಚ್ಚಲಿನ ಕತ್ತಲೆಯಿಂದ ನಿನ್ನ ದನಿ ಬಂತು, 'ಯಾರದು ಕರೆಂಟ್ ತೆಗೆದಿದ್ದು, ಬುದ್ಧಿ ಐತೋ ಇಲ್ವೋ, ಕೂಸಿನ ಕಣ್ಣಾಗೆ ಸೋಪು ಹೋತು' ಎಂದು.

ನಾನು ಬರುವವರೆಗೆ ಮೇನ್ ಹಾಕಬೇಡ ಎಂದು ಕೊಟ್ರೇಶನಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಹೊಳಲ್ಕೆರೆಯ ಮೇಲೆ ಹೋಗುವ ಹನ್ನೆರಡರ ಚಿತ್ರದುರ್ಗದ ಬಸ್ಸಿಗೆ ಹೊರಟಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನಿನ್ನ ಎದುರು ನಿಂತು ಬಾಯಲ್ಲಿ ಹೇಳುವುದು ನನ್ನಿಂದಾಗದು. ನೀನು ಓದುವಾಗ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಓದಿ ಮುಗಿಸಿ ಬೈಯುವುದಾದರೆ ಗಟ್ಟಿಯಾಗಿಯೇ ಬೈ, ಕೊಟ್ರೇಶನಿಗೂ ಕೇಳಲಿ. ಇವತ್ತು ನಿನ್ನ ಬೈಗುಳ ಕಿವಿಗೆ ಬೀಳುವವರೆಗೆ ಫೋನಿನ ಈ ತುದಿಯಲ್ಲಿ ನಾನು ಉಸಿರಾಡಿರಲಿಲ್ಲ.